ಜೂನ್ 9ಕ್ಕೆ ಶುಕ್ರ-ಗುರು ಅಕ್ಕಪಕ್ಕ: ಬಂಕಾಪುರದಲ್ಲಿ ನೋಡೋದು ಎಲ್ಲಿ?

ಬಂಕಾಪುರ: 2026ರ ಜೂನ್ 9, ಮಂಗಳವಾರ ಸಂಜೆ ಶುಕ್ರ ಮತ್ತು ಗುರು ಗ್ರಹಗಳು ಬೆರಳಗಲದ ಅಂತರದಲ್ಲಿ ಕಾಣಲಿವೆ.

ಸಮಯ: ಸಂಜೆ 7.30ರಿಂದ 8.30. ಅಂಗಡಿ ಬಾಗಿಲು ಹಾಕೋ ಮುಂಚೆ ಎರಡು ನಿಮಿಷ ಹೊರಗೆ ಬಂದರೆ ಸಾಕು.

ದಿಕ್ಕು: ಪಶ್ಚಿಮ, ಅಂದರೆ ಮುಂಡಗೋಡ ಕಡೆ. ಹೆಚ್ಚು ಹೊಳೆಯೋದು ಶುಕ್ರ, ಅದರ ಎಡಕ್ಕೆ ಗುರು. ಕತ್ತಲಾಗುವಾಗ ಕೆಳಗೆ ಬುಧನೂ ಸಿಗಬಹುದು. ನಕ್ಷತ್ರದಂತೆ ಇವು ಮಿನುಗುವುದಿಲ್ಲ.

ಹತ್ತಿರ ಕಂಡರೂ ಗುರು ಇರೋದು ಶುಕ್ರನಿಗಿಂತ ಸುಮಾರು ಐದು ಪಟ್ಟು ದೂರ. ಒಂದೇ ನೇರಕ್ಕೆ ಬರುವುದರಿಂದ ಹಾಗೆ ಕಾಣುತ್ತದೆ.

ಬರಿಗಣ್ಣೇ ಸಾಕು. ನವಿಲುಧಾಮವಿರುವ ಕೋಟೆಯೊಳಗೆ ಕತ್ತಲಲ್ಲಿ ಹೋಗೋದು ಬೇಡ. ಮಾಳಿಗೆ, ಹೊಲದ ಬದು ಸಾಕು.

ಮುಂಗಾರು ಮೋಡದ ಕಾಲ. ಹೀಗಾಗಿ 9ನೇ ತಾರೀಕಿಗೇ ಕಾಯಬೇಡಿ, 7ರಿಂದ 11ರವರೆಗೆ ಆಕಾಶ ತಿಳಿಯಾದ ದಿನ ನೋಡಿಬಿಡಿ.