ಮಣ್ಣುಮುಕ್ಕ ಹಾವುಗಳು

ಹೊಲವನ್ನು ಉಳುವಾಗ ಇಲ್ಲವೆ ಹಳೆಯ ಮಣ್ಣಿನ ಗೋಡೆಯನ್ನು ಕೆಡವುವಾಗ ಹೊರಬೀಳುವ, ದಪ್ಪ ಮೈಯ ಮಂದಗತಿಯ ಹಾವನ್ನು ನಮ್ಮ ಜನರು ಮಣ್ಣುಮುಕ್ಕನೆಂದು ಕರೆಯುವುದುಂಟು. ಹೆಸರು ಒಂದಾದರೂ ಅದರ ಅಡಿಯಲ್ಲಿ ಅಡಗಿರುವ ಜಾತಿಗಳು ಬೇರೆ ಬೇರೆ. ಇವು ಯಾವುವೂ ಮಣ್ಣನ್ನು ಮುಕ್ಕುವುದಿಲ್ಲ; ಇಲಿಗಳೇ ಮೊದಲಾದ ಸಣ್ಣ ಪ್ರಾಣಿಗಳನ್ನು ಮೈಯಿಂದ ಸುತ್ತಿ, ಬಿಗಿದು ಕೊಂದು ನುಂಗುತ್ತವೆ. ವಿಷವೆಂಬುದು ಇವಕ್ಕಿಲ್ಲ.

ಇವುಗಳಲ್ಲಿ ಹೆಚ್ಚು ಪರಿಚಿತವಾದ ಎರಡಕ್ಕೂ ಶಾಸ್ತ್ರೀಯ ನಾಮಕರಣವಾದುದು 1801ರಲ್ಲಿ. ಮೊದಲನೆಯದು ‘ಜಾನಿಯೈ’, ತರಂಗಂಬಾಡಿಯಲ್ಲಿದ್ದ ಪಾದ್ರಿ ಜಾನ್ ಎಂಬವರ ಹೆಸರು ಅದಕ್ಕೆ ಬಂದಿದೆ. ಇನ್ನೊಂದು ‘ಕೋನಿಕಸ್’. ಇವುಗಳ ಭೇದವನ್ನು ಬಾಲದಲ್ಲಿಯೇ ಅರಸಬೇಕು. ಜಾನಿಯೈ ಹಾವಿನ ಬಾಲ ಹೆಬ್ಬೆರಳಿನ ತುದಿಯಂತೆ ಮೊಂಡು. ಇದರಿಂದಲೇ ಅದಕ್ಕೆ ‘ಎರಡು ತಲೆಯ ಹಾವು’ ಎಂಬ ಖ್ಯಾತಿ. ಬೆದರಿದಾಗ ಅದು ತಲೆಯನ್ನು ಸುರುಳಿಯ ಕೆಳಗೆ ಮರೆಸಿ ಬಾಲವನ್ನು ಎತ್ತಿ ತೋರಿಸುತ್ತದೆ; ಶತ್ರುವಿನ ಪೆಟ್ಟು ಬಾಲಕ್ಕೆ ಬಿದ್ದು ತಲೆ ಉಳಿಯುತ್ತದೆ. ಹುರುಪೆಗಳು ನುಣುಪು, ಮೈ ಬಹುಮಟ್ಟಿಗೆ ಏಕವರ್ಣದ ಕಂದು. ಮರಿಗಳಲ್ಲಿ ಮಾತ್ರ ಬಾಲದ ಕಡೆಗೆ ಕಪ್ಪು ಪಟ್ಟೆಗಳಿರುವುದರಿಂದ ಬಣ್ಣವೊಂದನ್ನೇ ನಂಬಲಾಗದು. ಕೋನಿಕಸ್ ಹಾವಿನ ಬಾಲವಾದರೋ ಗಿಡ್ಡ, ತುದಿ ಚೂಪು. ಹಿಂಭಾಗದ ಹುರುಪೆಗಳ ನಡುವೆ ಎದ್ದ ಏಣುಗಳಿದ್ದು ಮೈ ಒರಟಾಗಿರುತ್ತದೆ. ಮಾಸಲು ಮೈಮೇಲೆ ಅಂಕುಡೊಂಕಾದ ಕಂದು ಮಚ್ಚೆಗಳು ಒಂದರೊಡನೊಂದು ಕೂಡಿಕೊಂಡಿರುತ್ತವೆ.

ಈ ಮಚ್ಚೆಗಳೇ ಅದರ ಪಾಲಿಗೆ ಮೃತ್ಯು. ಕೊಳಕುಮಂಡಲವೆಂದು ಭ್ರಮಿಸಿ ಜನರು ಅದನ್ನು ಬಡಿದು ಕೊಲ್ಲುತ್ತಾರೆ. ಇದಕ್ಕಿಂತಲೂ ಭಯಂಕರವಾದುದು ಇದಕ್ಕೆ ವಿರುದ್ಧವಾದ ಭ್ರಮೆ: ಮಣ್ಣುಮುಕ್ಕನೆಂದು ಕೊಳಕುಮಂಡಲಕ್ಕೆ ಕೈಹಾಕಿದವನು ಪ್ರಾಣವನ್ನೇ ತೆರಬೇಕಾದೀತು. ಕೊಳಕುಮಂಡಲದ ತಲೆ ಅಗಲವಾದ ತ್ರಿಕೋನ, ಕತ್ತು ಸಣ್ಣದು. ಬೆನ್ನಿನುದ್ದಕ್ಕೂ ಅಂಚುಗಟ್ಟಿದ ಅಂಡಾಕಾರದ ಮಚ್ಚೆಗಳು ಮೂರು ಸಾಲಾಗಿ ಸರಪಳಿಯಂತೆ ಕಾಣುತ್ತವೆ. ಮಣ್ಣುಮುಕ್ಕನಲ್ಲಿ ತಲೆ ಎಲ್ಲಿ ಮುಗಿಯಿತು, ಕತ್ತು ಎಲ್ಲಿ ತೊಡಗಿತು ಎಂಬುದೇ ಸ್ಪಷ್ಟವಾಗದು.

ಎರಡು ತಲೆಯ ಹಾವಿಗೆ ಬಂದಿರುವ ಕಷ್ಟವೇ ಬೇರೆ. ನಿಧಿಯನ್ನು ತೋರಿಸುತ್ತದೆ, ಅದೃಷ್ಟವನ್ನು ತರುತ್ತದೆ ಎಂಬ ಹುಚ್ಚು ನಂಬಿಕೆಯಿಂದ ಅದನ್ನು ಹಿಡಿದು ತೂಕ ಮಾಡಿ ಮಾರುವ ದಂಧೆಯೇ ಬೆಳೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಇದು ಅಪರಾಧ.

1991ರಲ್ಲಿ ಇಂದ್ರನೀಲ ದಾಸ್ ಅವರು ಪಶ್ಚಿಮ ಕರಾವಳಿಯ ಸೀಮೆಯ ಮೂರನೆಯ ಜಾತಿಯೊಂದನ್ನು ವರ್ಣಿಸಿ, ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಅದರ ಲಕ್ಷಣಗಳು ಮೊದಲಿನ ಎರಡರ ನಡುವಿನವು.

ಹಾವಿನ ಬಳಿಗೆ ಸುಳಿಯದೆಯೇ ಸಂದೇಹವನ್ನು ಪರಿಹರಿಸಿಕೊಳ್ಳುವ ಉಪಾಯವೂ ಒಂದುಂಟು. ಅದು ಕಳಚಿಬಿಟ್ಟ ಪೊರೆ ದೊರೆತರೆ ಮಗುಚಿ ನೋಡಿರಿ. ಕೊಳಕುಮಂಡಲದ ಹೊಟ್ಟೆಯಡಿಯ ಪಟ್ಟಿಗಳು ಅಡ್ಡಲಾಗಿ ಅಗಲವಾಗಿದ್ದು, ಬಾಲದ ಅಡಿಯಲ್ಲಿ ಇಬ್ಭಾಗವಾಗಿ ಜೋಡಿಜೋಡಿಯಾಗಿರುತ್ತವೆ. ಮಣ್ಣುಮುಕ್ಕನಲ್ಲಿ ಹೊಟ್ಟೆಯ ಪಟ್ಟಿಗಳು ಬಲು ಕಿರಿದು. ಬಾಲದ ಅಡಿಯಲ್ಲಿ ಇರುವುದು ಒಂದೇ ಸಾಲು.