ತೆಂಗಿನಕಾಯಿ ಸೂರ್ಯ, ರಾಗಿಕಾಳು ಭೂಮಿ

ಸೂರ್ಯ ಇಲ್ಲಿಂದ 15 ಕೋಟಿ ಕಿಲೋಮೀಟರ್ ಎಂದು ಬೋರ್ಡಿನ ಮೇಲೆ ಬರೆದರೆ ಎಂಟನೇ ಕ್ಲಾಸಿನ ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ತಪ್ಪು ಅವರದ್ದಲ್ಲ. ಸೊನ್ನೆಗಳು ಜಾಸ್ತಿಯಾದಷ್ಟೂ ಬೆರಗು ಸೋರಿಹೋಗುತ್ತದೆ. ಅದಕ್ಕೇ ಬೆಂಗಳೂರಿನ ಅಂಚಿನ ಒಂದು ಸರ್ಕಾರಿ ಶಾಲೆಯವರು ಬಾಹ್ಯಾಕಾಶದ ಬಗ್ಗೆ ಮಾತಾಡಲು ಕರೆದಾಗ ಚೀಲದಲ್ಲಿ ಒಂದು ತೆಂಗಿನಕಾಯಿ, ಒಂದು ಚಿಟಿಕೆ ರಾಗಿ ಹಾಕಿಕೊಂಡು ಹೋದೆ.

ಧ್ವಜಕಂಬದ ಕಟ್ಟೆಯ ಮೇಲೆ ಕಾಯಿ ಇಟ್ಟೆವು. ಅಡ್ಡಳತೆ ಸುಮಾರು 14 ಸೆಂಟಿಮೀಟರ್, ಅದೇ ಸೂರ್ಯ. ಎಲ್ಲವನ್ನೂ ಸಾವಿರ ಕೋಟಿ ಪಾಲು ಕುಗ್ಗಿಸಿದ ಲೆಕ್ಕ. ಈ ಲೆಕ್ಕದಲ್ಲಿ ಭೂಮಿ ಒಂದು ರಾಗಿಕಾಳು. ಎಲ್ಲಿಡೋಣ? ಒಬ್ಬ ಹುಡುಗ ಕಾಯಿಯಿಂದ ಒಂದು ಗೇಣು ದೂರ ಇಟ್ಟ. ಇನ್ನೊಬ್ಬಳು ಧೈರ್ಯ ಮಾಡಿ ನಾಲ್ಕು ಹೆಜ್ಜೆ ಹೋದಳು. ಟೇಪು ಹಿಡಿದಾಗ ಸರಿಯಾದ ಜಾಗ 15 ಮೀಟರ್ ಆಚೆ, ಸಂಪಿಗೆ ಮರದ ಬುಡದಲ್ಲಿ ಸಿಕ್ಕಿತು.

ಚಂದ್ರ ಆ ಕಾಳಿನಿಂದ ಎರಡು ಬೆರಳಗಲ, ಅಷ್ಟೇ. ಚಂದ್ರಯಾನ-3 ಸುತ್ತಿ ಸುತ್ತಿ ಅಲ್ಲಿಗೆ ಇಳಿಯಲು 2023ರಲ್ಲಿ 40 ದಿನ ತೆಗೆದುಕೊಂಡಿತು. ಅಲ್ಲಿ ನಡೆದ ಮನುಷ್ಯರು 12 ಮಂದಿ, ಕೊನೆಯವರು ವಾಪಸು ಹೊರಟದ್ದು 1972ರ ಡಿಸೆಂಬರಿನಲ್ಲಿ. ಮನುಷ್ಯನ ಕಾಲು ಮುಟ್ಟಿದ ಅತಿ ದೂರದ ನೆಲ ಎಂದರೆ ಇವತ್ತಿಗೂ ಆ ಎರಡು ಬೆರಳೇ.

ಗುರುಗ್ರಹ ಒಂದು ಗೋಲಿ, 78 ಮೀಟರ್. ನೆಪ್ಚೂನ್ ಒಂದು ಮೆಣಸಿನಕಾಳು, 450 ಮೀಟರ್. ಬಸ್‌ಸ್ಟಾಪಿನ ಬೇಕರಿಯ ಹತ್ತಿರ. ಅಲ್ಲಿಯವರೆಗೆ ನಡೆಯಲು ಮೇಷ್ಟ್ರು ಬಿಡಲಿಲ್ಲ.

ಮರದ ಬುಡದಲ್ಲಿ ಇರುವೆ ಸಾಲೊಂದಿತ್ತು. ಸೆಕೆಂಡಿಗೆ ಮೂರು ಸೆಂಟಿಮೀಟರ್ ಹರಿದರೆ, ನಮ್ಮ ಈ ಲೆಕ್ಕದಲ್ಲಿ ಆ ಇರುವೆಯೇ ಬೆಳಕು! ಕಾಯಿಯಿಂದ ಕಾಳಿಗೆ ಬರಲು ಅದಕ್ಕೆ 8 ನಿಮಿಷ 20 ಸೆಕೆಂಡು ಬೇಕು. ಮಕ್ಕಳು ಮೊದಲ ಬಾರಿಗೆ ಸುಮ್ಮನಾದದ್ದು ಇಲ್ಲೇ.

ಈಗ ವಾಯೇಜರ್-1. ಹೊರಟದ್ದು 1977ರ ಸೆಪ್ಟೆಂಬರ್ 5ರಂದು. ನಿಜದಲ್ಲಿ ಸೆಕೆಂಡಿಗೆ 17 ಕಿಲೋಮೀಟರ್ ಓಡುವ ಈ ನೌಕೆ ನಮ್ಮ ಮೈದಾನದ ಲೆಕ್ಕದಲ್ಲಿ ದಿನವಿಡೀ ಹೋದರೂ 15 ಸೆಂಟಿಮೀಟರ್, ಗೇಣಿಗೂ ಕಡಿಮೆ. ಹಾಗೆ ತೆವಳುತ್ತಲೇ ಎರಡೂವರೆ ಕಿಲೋಮೀಟರ್ ಆಚೆ, ಕೆರೆ ಏರಿಯನ್ನೂ ದಾಟಿದೆ. ಅದರ ಕಂಪ್ಯೂಟರುಗಳ ನೆನಪಿನ ಜಾಗವನ್ನೆಲ್ಲ ಕೂಡಿಸಿದರೂ ಸುಮಾರು 70 ಕಿಲೋಬೈಟ್. ನಿಮ್ಮ ಫೋನಿನ ಒಂದು ಫೋಟೊ ಹಿಡಿಸುವುದಿಲ್ಲ. ಮಾತಾಡಲು ಇರುವುದು ಇಪ್ಪತ್ತು ಚಿಲ್ಲರೆ ವ್ಯಾಟಿನ ರೇಡಿಯೊ, ಫ್ರಿಜ್ಜಿನೊಳಗಿನ ಬಲ್ಬಿನಷ್ಟು. 2023ರ ನವೆಂಬರಿನಲ್ಲಿ ಅದು ಅರ್ಥವಿಲ್ಲದ್ದನ್ನು ಬಡಬಡಿಸತೊಡಗಿತು. ಒಂದು ಮೆಮೊರಿ ಚಿಪ್ ಸತ್ತಿತ್ತು. ಇಲ್ಲಿಂದ ಒಂದು ಆಜ್ಞೆ ಕಳಿಸಿದರೆ ಮುಟ್ಟಲು 22 ಗಂಟೆಗೂ ಹೆಚ್ಚು, ಉತ್ತರ ಬರಲು ಇನ್ನಷ್ಟೇ. ಹೀಗೆ ಎರಡೆರಡು ದಿನ ಕಾಯುತ್ತಾ, ಕೆಟ್ಟ ಚಿಪ್ಪಿನಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡಾಗಿ ಬೇರೆಡೆಗೆ ಸಾಗಿಸಿ, 2024ರ ಏಪ್ರಿಲ್‌ನಲ್ಲಿ ಎಂಜಿನಿಯರುಗಳು ಅದರ ಬಾಯಿ ಸರಿಮಾಡಿದರು. ಸ್ಪ್ಯಾನರ್ ಮುಟ್ಟಿಸದೆ ಮಾಡಿದ ರಿಪೇರಿಗಳಲ್ಲಿ ಇದಕ್ಕೆ ಸಮನಾದದ್ದು ನನಗಂತೂ ಗೊತ್ತಿಲ್ಲ.

ನೌಕೆಯ ಮೈಗೆ ಚಿನ್ನದ ಲೇಪದ ತಾಮ್ರದ ತಟ್ಟೆಯೊಂದನ್ನು ಬಿಗಿದಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯ, ಒಂದು ಕನ್ನಡದ್ದು.

“ನಮ್ಮ ಕನ್ನಡಾನಾ ಸಾರ್?”

“ನಮ್ಮ ಕನ್ನಡಾನೇ.”

ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಎಲ್ಲಿ ಬರುತ್ತದೆಂದು ಕೇಳಿದೆ. ಪಕ್ಕದೂರು, ತುಮಕೂರು, ಹುಬ್ಬಳ್ಳಿ ಎಂದು ಕೂಗಿದರು. 4,000 ಕಿಲೋಮೀಟರ್! ಹಾಂಗ್‌ಕಾಂಗ್‌ನಲ್ಲಿ ಒಂದು ಅಡಿಕೆ ಇಟ್ಟಂತೆ. ನಡುವೆ ಹೆಚ್ಚುಕಡಿಮೆ ಖಾಲಿ.

ನಾಲ್ಕು ಹೆಜ್ಜೆ ಹೋಗಿದ್ದ ಹುಡುಗಿ ಅಷ್ಟರಲ್ಲಿ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಗುಣಿಸಿ ಭಾಗಿಸುತ್ತಿದ್ದಳು. ದಿನಕ್ಕೆ 15 ಸೆಂಟಿಮೀಟರಿನಂತೆ ಆ ಅಡಿಕೆಯತ್ತ ಹೊರಟರೆ 73 ಸಾವಿರ ವರ್ಷ. ಎರಡು ಸಲ ತಾಳೆ ನೋಡಿದಳು.

“ಇದು ಆಗಲ್ಲ ಸಾರ್. ಎಂಜಿನ್ನೇ ಬೇರೆ ಮಾಡ್ಬೇಕು.”