ಸೆಲ್ಫ್ ಹೊಡೆಯದಿದ್ದರೆ ತಪ್ಪು ಗೇರ್‌ಬಾಕ್ಸಿನದೇ?

ಕ್ಲಚ್ ಪೆಡಲ್ ಇಲ್ಲದ ಕಾರು ಈಗ ಶಿಕಾರಿಪುರ, ಸೊರಬದಂಥ ಊರುಗಳಿಗೂ ಹೊಸದಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಗೇರ್‌ಬಾಕ್ಸ್ ಸಾಮಾನ್ಯ ಕುಟುಂಬಗಳಿಗೂ ಆಟೊಮ್ಯಾಟಿಕ್ ಕಾರನ್ನು ಕೈಗೆಟುಕಿಸಿತು. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಎರಡನ್ನೂ ಅದರಲ್ಲಿ ಕಂಪ್ಯೂಟರೇ ಮಾಡಿಸುತ್ತದೆ. ಓಡಿಸಲು ಸುಖ. ಆದರೆ ಮಳೆಗಾಲದ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯದೇ ಹೋದರೆ, ಹಳೆಯ ಕಾರಿನ ಹಾಗೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಇಲ್ಲಿ ನಡೆಯದು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ.; ಸೊರಬದಿಂದ ಇನ್ನೂ ದೂರ. ಅಷ್ಟು ದೂರ ಟೋ ಮಾಡಿಸಿ, ‘ಗೇರ್‌ಬಾಕ್ಸ್ ಕಂಪ್ಯೂಟರ್ ಹೋಗಿದೆ’ ಎಂಬ ಮಾತನ್ನು ನಂಬಿ ದೊಡ್ಡ ಮೊತ್ತ ತೆರುವ ಮೊದಲು ಕೆಲವು ಸಂಗತಿ ತಿಳಿದಿರಬೇಕು.

ಸ್ಟಾರ್ಟ್ ಆಗಲು ಯಾರ ಒಪ್ಪಿಗೆ ಬೇಕು?

ಇಂಥ ಕಾರಿನಲ್ಲಿ ಕೀಲಿಯಿಂದ ಸೆಲ್ಫ್ ಮೋಟರಿಗೆ ನೇರ ದಾರಿ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲೋ ಪಾರ್ಕ್‌ನಲ್ಲೋ ಇದೆಯೇ, ಬ್ರೇಕ್ ಒತ್ತಿದೆಯೇ, ಕೀಲಿ ಅಸಲಿಯೇ ಎಂಬುದು ಖಚಿತವಾದ ಮೇಲಷ್ಟೇ ಕಂಪ್ಯೂಟರ್ ಸೆಲ್ಫ್ ರಿಲೇಗೆ ಒಪ್ಪಿಗೆ ಕೊಡುತ್ತದೆ. ಕಾರು ಗೇರಿನಲ್ಲಿದ್ದಾಗಲೇ ಸ್ಟಾರ್ಟ್ ಆಗಿ ಮುಂದೆ ನುಗ್ಗಬಾರದೆಂದೇ ಈ ಏರ್ಪಾಡು. ಗೇರಿನ ಸ್ಥಾನ ಹೇಳುವ ಒಂದು ಸ್ವಿಚ್ ಸುಮ್ಮನಾದರೂ ಸಾಕು, ಗೇರ್‌ಬಾಕ್ಸಿನ ಒಳಗೆ ಎಲ್ಲವೂ ಸರಿಯಿದ್ದರೂ ಕಾರು ಅಲುಗದು.

ಆದ್ದರಿಂದ ಮೊದಲು ಲಕ್ಷಣ ಗಮನಿಸಿ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಗೇರ್‌ಬಾಕ್ಸನ್ನು ದೂರುವುದು ಬೇಡ. ಇಂಧನವನ್ನೋ ಇಗ್ನಿಷನ್ನನ್ನೋ ನೋಡಬೇಕು. ‘ಟಿಕ್ ಟಿಕ್’ ಸದ್ದು ಬಂದರೆ ಬ್ಯಾಟರಿ, ಟರ್ಮಿನಲ್, ಅರ್ಥ್ ವೈರಿನ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ಬ್ರೇಕ್ ಒತ್ತಿ, ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಇನ್ನೊಬ್ಬರಿಗೆ ನೋಡಲು ಹೇಳಿ. ಹತ್ತದಿದ್ದರೆ ಬ್ರೇಕ್ ಸ್ವಿಚ್ಚೋ ಅದರ ಫ್ಯೂಸೋ ಕಾರಣವಿರಬಹುದು. ಮೀಟರ್ ಬೋರ್ಡಿನಲ್ಲಿ ‘ಎನ್’ ಅಥವಾ ‘ಪಿ’ ಸ್ಥಿರವಾಗಿ ಮೂಡದೆ ಮಿನುಗುತ್ತಿದ್ದರೆ ಗೇರಿನ ಸ್ಥಾನ ಕಂಪ್ಯೂಟರಿಗೆ ತಿಳಿಯುತ್ತಿಲ್ಲ ಎಂದರ್ಥ.

ಬ್ಯಾಟರಿಯೇ ಮೊದಲ ಅನುಮಾನ

ತುಂಬಿದ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಆ ಬ್ಯಾಟರಿಯನ್ನು ನೆಚ್ಚುವಂತಿಲ್ಲ. ವೋಲ್ಟೇಜ್ ಕುಸಿದಾಗ ಗೇರ್‌ಬಾಕ್ಸ್ ಕಂಪ್ಯೂಟರ್ ದಿಕ್ಕೆಟ್ಟು ಇಲ್ಲದ ದೋಷಗಳನ್ನೆಲ್ಲ ದಾಖಲಿಸುತ್ತದೆ. ಎಎಂಟಿ ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸಿ, ಆಮೇಲೆ ಬ್ಯಾಟರಿ ಇಳಿದರೆ ಗೇರನ್ನು ನ್ಯೂಟ್ರಲ್‌ಗೆ ತರುವ ಶಕ್ತಿಯೂ ಅದಕ್ಕೆ ಉಳಿಯುವುದಿಲ್ಲ. ಅಲ್ಲಿ ಬೇಕಿರುವುದು ಹೊಸ ಗೇರ್‌ಬಾಕ್ಸ್ ಅಲ್ಲ, ಇನ್ನೊಂದು ಬ್ಯಾಟರಿಯಿಂದ ಜಂಪ್ ಸ್ಟಾರ್ಟ್.

ಅರ್ಥ್ ಪರೀಕ್ಷೆ ಇನ್ನೂ ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಗೇರ್‌ಬಾಕ್ಸಿನ ಲೋಹದ ಮೈಗೆ ತಾಗಿಸಿ ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದರೆ ಮುಗಿಯುವ ಕೆಲಸ ಇದು.

ಸ್ಕ್ಯಾನರ್ ಹೇಳುವುದೆಷ್ಟು?

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ‘ಪಿ0705’ ಎಂದರೆ ಗೇರಿನ ಸ್ಥಾನ ತಿಳಿಸುವ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ದೋಷ. ‘ಯು0101’ ಎಂದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಸಂಪರ್ಕ ಕಡಿದಿದೆ. ‘ಪಿ0562’ ಎಂದರೆ ವೋಲ್ಟೇಜ್ ಕಡಿಮೆ. ಇವುಗಳಲ್ಲಿ ಯಾವುದೂ ‘ಈ ಭಾಗ ಬದಲಿಸಿ’ ಎನ್ನುವುದಿಲ್ಲ. ಸರ್ಕ್ಯೂಟ್ ಎಂದರೆ ಸೆನ್ಸರ್, ವೈರ್, ಕಪ್ಲರ್, ಫ್ಯೂಸ್, ಅರ್ಥ್ ಎಲ್ಲವೂ ಸೇರಿತು. ಕೋಡ್ ಅಳಿಸುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳುವುದು ಮಾಲೀಕರಿಗೂ ಮೆಕ್ಯಾನಿಕ್‌ಗೂ ಒಳ್ಳೆಯದು.

ಕಂಪ್ಯೂಟರುಗಳು ಮಾತಾಡಿಕೊಳ್ಳುವುದು ಹೆಣೆದ ಎರಡು ಎಳೆ ವೈರಿನಲ್ಲಿ. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ಪರಿಚಯಿಸಿದ ‘ಕ್ಯಾನ್’ ವ್ಯವಸ್ಥೆ ಇದು. ಬ್ಯಾಟರಿ ಬಿಚ್ಚಿ, ಅದೇ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವೆ ಅಳೆದರೆ ಸಾಮಾನ್ಯವಾಗಿ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ವೈರ್ ತುಂಡಾಗಿರಬಹುದು, ಇಲ್ಲವೇ ಒಂದು ತುದಿಯ ಕಪ್ಲರ್ ಕಳಚಿರಬಹುದು. ಸೊನ್ನೆಯ ಹತ್ತಿರ ಬಂದರೆ ಎರಡು ಎಳೆಗಳು ಒಂದಕ್ಕೊಂದು ತಾಗಿವೆ.

ನಮ್ಮ ಕಡೆ ಈ ವೈರುಗಳಿಗೆ ಶತ್ರುಗಳು ಎರಡು: ಮಳೆ ಮತ್ತು ಇಲಿ. ಮೆಕ್ಕೆಜೋಳದ ಚೀಲ, ಅಡಿಕೆ, ಹುಲ್ಲು ತುಂಬಿಟ್ಟ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸಿದರೆ ಬೆಚ್ಚಗಿನ ಬಾನೆಟ್ ಒಳಗೆ ಇಲಿ ಸೇರದೆ ಇರುವುದಿಲ್ಲ. ಕಪ್ಲರ್ ಕಳಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿರುವುದು, ಒಳಗೆ ನೀರಿನ ಪಸೆ ಕೂತಿರುವುದು ಕಣ್ಣಿಗೇ ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸೀಲ್ ಸರಿಯಾಗಿ ಕೂರಿಸಿ ಮತ್ತೆ ಪರೀಕ್ಷಿಸಬೇಕು. ಗೇರ್‌ಬಾಕ್ಸ್ ಕಂಪ್ಯೂಟರ್ ಬದಲಿಸುವ ಮಾತು ಬರಬೇಕಾದದ್ದು ಕರೆಂಟು, ಅರ್ಥ್, ಸಂಪರ್ಕದ ವೈರು ಮೂರೂ ಸರಿಯಿದ್ದು, ಆಗಲೂ ಅದು ಉತ್ತರಿಸದಿದ್ದಾಗ ಮಾತ್ರ.

ಇಷ್ಟನ್ನು ಮಾಡಲು ಮಹಾನಗರದ ಶೋರೂಮ್ ಬೇಕಿಲ್ಲ. ಒಂದು ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಸಾಧಾರಣ ಸ್ಕ್ಯಾನರ್, ಆ ಕಾರಿನ ವೈರಿಂಗ್ ನಕ್ಷೆ ಮತ್ತು ತಾಳ್ಮೆ ಇದ್ದರೆ ನಮ್ಮೂರಿನ ಗ್ಯಾರೇಜಿನಲ್ಲೇ ಬಹುಪಾಲು ಪತ್ತೆಯಾಗುತ್ತದೆ. ಐಟಿಐಗಳಲ್ಲಿ ಕಲಿಯುವ ನಮ್ಮ ಹುಡುಗರ ಕೈಗೆ ಸ್ಪ್ಯಾನರ್ ಕೊಟ್ಟಷ್ಟೇ ಶ್ರದ್ಧೆಯಿಂದ ಮೀಟರನ್ನೂ ಕೊಡಬೇಕು. ಮಾಲೀಕರಿಗೆ ಒಂದೇ ವಿನಂತಿ: ದುಬಾರಿ ಭಾಗ ಬದಲಿಸಲು ಒಪ್ಪುವ ಮೊದಲು ‘ಬ್ಯಾಟರಿ ಎಷ್ಟು ವೋಲ್ಟ್ ಇತ್ತು, ಅರ್ಥ್ ಎಷ್ಟು ತೋರಿಸಿತು, ಕೋಡ್ ಯಾವುದು’ ಎಂದು ಕೇಳಿ. ಉತ್ತರ ಅಂಕಿಯಲ್ಲಿ ಬಾರದಿದ್ದರೆ ಹಣ ಬಿಚ್ಚಬೇಡಿ.